ಪದಚರ್ಚೆ: ಆಂಡೀಸ್‌ನ ಬೆಕ್ಕನ್ನು ‘ಕಾಡುಬೆಕ್ಕು’ ಎನ್ನಬಹುದೇ?

ಪ್ರಶ್ನೆ: ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿರುವ ಲಿಯೋಪಾರ್ಡಸ್ ಜಾಕೋಬಿಟಾ ಎಂಬ ಸಣ್ಣ ಬೆಕ್ಕಿನ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುವಾಗ ನಾಲ್ಕು ಕಡೆ ತೊಡಕಾಗಿದೆ. ಅದನ್ನು ‘ಕಾಡುಬೆಕ್ಕು’ ಎನ್ನಬಹುದೇ? ‘ಅಳಿವಿನಂಚಿನಲ್ಲಿದೆ’ ಎಂದರೆ ಸರಿಯೇ? ಅದರ ಮುಖ್ಯ ಆಹಾರವಾದ ವಿಸ್ಕಾಚಾವನ್ನು ‘ಬೆಟ್ಟದ ಮೊಲ’ ಎಂದರೆ ಓದುಗರಿಗೆ ಸುಲಭವಾಗುವುದಿಲ್ಲವೇ? ಅದರ ಮಲಕ್ಕೆ ಹಿಕ್ಕೆ ಎನ್ನುವುದೋ, ಲದ್ದಿ ಎನ್ನುವುದೋ?

ಉತ್ತರ: ‘ಕಾಡುಬೆಕ್ಕು’ ಬೇಡ. ಅಲ್ಲಿ ಕಾಡೇ ಇಲ್ಲ, ಬರೀ ಬಂಡೆ ಮತ್ತು ಒಣಹುಲ್ಲು ಎಂಬುದು ಕಾರಣವಲ್ಲ. ಕಾಡುಹಂದಿ, ಕಾಡುಕೋಣ ಎನ್ನುವಾಗ ‘ಕಾಡು’ ಎಂದರೆ ಸಾಕದ್ದು ಎಂದಷ್ಟೇ ಅರ್ಥ. ಆದರೆ ಆ ಹೆಸರು ನಮ್ಮಲ್ಲಿ ಈಗಾಗಲೇ ಫೆಲಿಸ್ ಚೌಸ್ ಎಂಬ ಬೇರೆ ಜಾತಿಗೆ ಸಂದುಹೋಗಿದೆ. ಬರೀ ‘ಬೆಟ್ಟದ ಬೆಕ್ಕು’ ಎಂದರೂ ಸಾಲದು, ಚೀನಾದಲ್ಲಿ ಫೆಲಿಸ್ ಬಿಯೆಟಿ ಎಂಬ ಇನ್ನೊಂದು ಬೆಟ್ಟದ ಬೆಕ್ಕಿದೆ. ‘ಹಿಮಬೆಕ್ಕು’ ಎಂದು ಬರೆದವರನ್ನೂ ಕಂಡಿದ್ದೇನೆ. ಅದು ಇನ್ನೂ ತಪ್ಪು. ಈ ಬೆಕ್ಕು ಹೆಚ್ಚಾಗಿ 3,500 ಮೀಟರಿಗಿಂತ ಮೇಲೆ ಇರುವುದು ನಿಜವಾದರೂ ಖಂಡದ ದಕ್ಷಿಣ ತುದಿಯ ಪೆಟಗೋನಿಯಾದಲ್ಲಿ 1,000 ಮೀಟರಿಗೂ ಕೆಳಗೆ ಸಿಕ್ಕಿದೆ. ‘ಆಂಡೀಸ್ ಬೆಟ್ಟಬೆಕ್ಕು’ ಎನ್ನಿ, ಮೊದಲ ಬಾರಿ ಬಂದಾಗ ವೈಜ್ಞಾನಿಕ ಹೆಸರನ್ನೂ ಕೊಡಿ. ಜಾಕೋಬಿಟಾ ಎಂಬುದನ್ನು ಅನುವಾದಿಸಲು ಹೋಗಬೇಡಿ, ಅದು ಒಬ್ಬ ಮಹಿಳೆಯ ಹೆಸರು. 1865ರಲ್ಲಿ ಇಟಲಿಯ ಪ್ರಾಣಿಶಾಸ್ತ್ರಜ್ಞ ಎಮಿಲಿಯೊ ಕೊರ್ನಾಲಿಯಾ ಈ ಬೆಕ್ಕನ್ನು ಮೊದಲು ವಿವರಿಸಿದಾಗ ಅದೇ ದೇಶದ ವೈದ್ಯ ಪಾವ್ಲೊ ಮಾಂತೆಗಾಜ್ಜಾ ಅವರ ಹೆಂಡತಿಯ ಹೆಸರನ್ನು ಇಟ್ಟರು.

ಹೆಸರಿಗೆ ಇಷ್ಟು ಹಟ ಏಕೆಂದರೆ, ಅದೇ ಬಂಡೆಗಳ ನಡುವೆ ಪಂಪಾಸ್ ಬೆಕ್ಕು ಎಂಬ ಇನ್ನೊಂದು ಸಣ್ಣ ಬೆಕ್ಕೂ ತಿರುಗುತ್ತದೆ. ಎರಡನ್ನೂ ‘ಕಾಡುಬೆಕ್ಕು’ ಎಂದುಬಿಟ್ಟರೆ ಮೂಲದಲ್ಲಿರುವ ಗುರುತಿನ ಭಾಗವೆಲ್ಲ ಅರ್ಥ ಕಳೆದುಕೊಳ್ಳುತ್ತದೆ. ಬೆಟ್ಟಬೆಕ್ಕಿನ ಮೂಗಿನ ತುದಿ ಕಪ್ಪು, ಪಂಪಾಸ್ ಬೆಕ್ಕಿನದು ನಸುಗೆಂಪು. ಬೆಟ್ಟಬೆಕ್ಕಿನ ಬಾಲ ಮೈಯುದ್ದದ ಮೂರನೇ ಎರಡರಷ್ಟು ಇದ್ದು ತುದಿಯವರೆಗೂ ಒಂದೇ ದಪ್ಪ. ಅದರ ಸುತ್ತ 6ರಿಂದ 9 ಅಗಲವಾದ ಕಡುಬಣ್ಣದ ಬಳೆಗಳು. ಪಂಪಾಸ್ ಬೆಕ್ಕಿನ ಬಾಲ ಗಿಡ್ಡ, ಬಳೆಗಳೂ ತೆಳು. ಮುಂಗಾಲಿನ ಗುರುತುಗಳು ಬೆಟ್ಟಬೆಕ್ಕಿನಲ್ಲಿ ಸುತ್ತು ಪೂರ್ತಿಯಾಗುವುದಿಲ್ಲ, ಪಂಪಾಸ್ ಬೆಕ್ಕಿನಲ್ಲಿ ಪೂರ್ತಿ ಸುತ್ತುತ್ತವೆ. ಹಾಗಾಗಿ ಎಲ್ಲ ಕಡೆ ‘ಪಟ್ಟೆ’ ಎಂದು ಬರೆದರೆ ಈ ವ್ಯತ್ಯಾಸವೇ ಕಾಣುವುದಿಲ್ಲ. ಪಟ್ಟೆ ಉದ್ದಕ್ಕೂ ಇರಬಹುದು, ಅಡ್ಡಕ್ಕೂ ಇರಬಹುದು. ಸುತ್ತುಬಂದದ್ದಕ್ಕೆ ಬಳೆ ಎಂದೇ ಹೇಳಬೇಕು. ಮರಿ ದಾಟಿ ಇನ್ನೂ ಬಲಿಯದ ಬೆಟ್ಟಬೆಕ್ಕಿನ ಮೈಬಣ್ಣ ತಿಳಿಯಾಗಿದ್ದು ಮಚ್ಚೆ ಹೆಚ್ಚಿರುವುದರಿಂದ ಅನುಭವಿಗಳೂ ಕ್ಯಾಮೆರಾ ಚಿತ್ರದಲ್ಲಿ ಎಡವುತ್ತಾರೆ. ಒಂದು ಗುರುತು ನೋಡಿ ತೀರ್ಮಾನಿಸದೆ ಬಾಲ, ಮೂಗು, ಮುಂಗಾಲು ಮೂರನ್ನೂ ಕೂಡಿಸಿ ನೋಡುವುದು ಅದಕ್ಕೇ.

ಇನ್ನು ‘ಅಳಿವಿನಂಚು’. ನಮ್ಮ ಪತ್ರಿಕೆಗಳು ಎಲ್ಲ ವರ್ಗಕ್ಕೂ ಇದೊಂದನ್ನೇ ಬಳಸಿ ಸವೆಸಿಬಿಟ್ಟಿವೆ. ಜೀವಿಗಳಿಗಿರುವ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಈ ಬೆಕ್ಕು 2002ರಿಂದ ಇರುವುದು ಅಪಾಯದ ಮೂರು ವರ್ಗಗಳ ಪೈಕಿ ಮಧ್ಯದ್ದರಲ್ಲಿ. ಅದಕ್ಕಿಂತ ಗಂಭೀರವಾದ ವರ್ಗ ಇನ್ನೊಂದಿದೆ, ‘ಅಂಚು’ ಎಂಬುದನ್ನು ಅದಕ್ಕೆ ಉಳಿಸಿಕೊಳ್ಳಿ. ಇದಕ್ಕೆ ‘ಅಳಿವಿನ ಅಪಾಯದಲ್ಲಿರುವ’ ಸಾಕು. ಪ್ರೌಢ ಬೆಕ್ಕುಗಳ ಸಂಖ್ಯೆ 1,400ಕ್ಕಿಂತ ಕಡಿಮೆ ಎಂಬ ಅಂದಾಜನ್ನು ‘ಒಟ್ಟು ಬೆಕ್ಕುಗಳು’ ಎಂದು ತರಬೇಡಿ. ಆ ಲೆಕ್ಕದಲ್ಲಿ ಮರಿಗಳಿಲ್ಲ, ಮರಿ ಹಾಕಬಲ್ಲ ವಯಸ್ಸಿನವು ಮಾತ್ರ. ಪ್ರೌಢ ಪ್ರಾಣಿಗಳು 2,500ಕ್ಕಿಂತ ಕಡಿಮೆಯಿದ್ದು, ಸಂಖ್ಯೆ ಇಳಿಯುತ್ತಲೇ ಇದ್ದು, ಯಾವ ಒಂದು ಉಪಗುಂಪಿನಲ್ಲೂ 250ಕ್ಕಿಂತ ಹೆಚ್ಚಿಲ್ಲದಿರುವುದು ಈ ವರ್ಗಕ್ಕೆ ಸೇರಿಸಲು ಬಳಸುವ ಮಾನದಂಡಗಳಲ್ಲೊಂದು. ‘ಉಪಗುಂಪು’ ಎಂದರೆ ಹಿಂಡು ಎಂದು ಓದಿಕೊಂಡಾರು; ಬೆಕ್ಕು ಒಂಟಿ ಪ್ರಾಣಿ, ‘ಒಂದಕ್ಕೊಂದು ಸೇರದಂತೆ ಚದುರಿದ ನೆಲೆಗಳಲ್ಲಿನ ಸಂತತಿ’ ಎಂದು ಬಿಡಿಸಿ ಬರೆಯಿರಿ.

ವಿಸ್ಕಾಚಾವನ್ನು ವಿಸ್ಕಾಚಾ ಎಂದೇ ಬಿಡಿ. ಕಿವಿ ನೋಡಿದರೆ ಮೊಲ ಅನ್ನಿಸುವುದು ನಿಜ, ಆದರೆ ಅದು ಚಿಂಚಿಲಾ ಕುಟುಂಬದ ದಂಶಕ, ಅಂದರೆ ಇಲಿ, ಅಳಿಲುಗಳ ಬಳಗದ್ದು; ಉದ್ದನೆಯ ಪೊದೆಬಾಲದ್ದು. ಬಂಡೆ ಸಂದುಗಳಲ್ಲಿ ಗುಂಪುಗುಂಪಾಗಿ ಬದುಕುತ್ತದೆ, ಒಂದು ಬಂಡೆಸಾಲಿಗೂ ಮತ್ತೊಂದಕ್ಕೂ ನಡುವೆ ಬೋಳು ಬಯಲು. ಬೆಕ್ಕಿನ ನೆಲೆಯೂ ಹೀಗೇ ಹರಿದು ಹಂಚಿಹೋಗಿರುವುದು ಇದರಿಂದಲೇ. ಜನ ಮಾಂಸಕ್ಕೆಂದು ವಿಸ್ಕಾಚಾಗಳನ್ನು ಹೊಡೆದರೆ, ಗಣಿಗಾರಿಕೆಗೆ ನೀರೆತ್ತಿ ಅವು ಮೇಯುವ ಎತ್ತರದ ಜೌಗುಹುಲ್ಲುಗಾವಲು ಒಣಗಿದರೆ, ಬೆಕ್ಕನ್ನು ಯಾರೂ ಮುಟ್ಟದಿದ್ದರೂ ಅದಕ್ಕೆ ಹೊಟ್ಟೆಗಿಲ್ಲ. ‘ಮೊಲ’ ಎಂದು ಬರೆದರೆ, ಎಲ್ಲೆಡೆ ಸಿಗುವ ಬೇಟೆ ಎಂಬ ಭಾವನೆ ಬಂದು ಈ ಕೊಂಡಿ ತಪ್ಪುತ್ತದೆ.

ಲದ್ದಿ ಆನೆ, ಕುದುರೆಗೆ ಸರಿ. ಹಿಕ್ಕೆ ಎಂದೊಡನೆ ಆಡು, ಇಲಿ, ಹಕ್ಕಿ ನೆನಪಾಗುತ್ತವೆ. ಬೆಕ್ಕಿಗೆ ‘ಮಲ’ ಎಂದು ನೇರವಾಗಿ ಬರೆದರೆ ಯಾರಿಗೂ ಗೊಂದಲವಿಲ್ಲ. ಗವಿಯಲ್ಲೋ ಚಾಚುಬಂಡೆಯ ಅಡಿಯಲ್ಲೋ ಮತ್ತೆಮತ್ತೆ ಒಂದೇ ಜಾಗದಲ್ಲಿ ಹಾಕುವುದರಿಂದ ಆ ಜಾಗಕ್ಕೂ ಒಂದು ಹೆಸರು ಬೇಕಾಗುತ್ತದೆ. ‘ಮಲದ ತಾಣ’ ಎನ್ನಿ. ಬೆಟ್ಟಬೆಕ್ಕು, ಪಂಪಾಸ್ ಬೆಕ್ಕು ಎರಡರ ಮಲವೂ ನೋಟಕ್ಕೆ ಒಂದೇ ಥರ, ಡಿಎನ್‌ಎ ಪರೀಕ್ಷೆಯಿಂದಲೇ ಬೇರ್ಪಡಿಸಬೇಕು. ಹಾಗಾಗಿ ಮೂಲದಲ್ಲಿ ಬರೀ ‘ಬೆಕ್ಕಿನ ಮಲ ಸಿಕ್ಕಿತು’ ಎಂದಿರುವ ಕಡೆ ನೀವಾಗಿ ‘ಬೆಟ್ಟಬೆಕ್ಕಿನ’ ಎಂದು ಸೇರಿಸಬೇಡಿ.