ಕುವೆಂಪುನಗರದ ಮನೆಗೆ ಎಷ್ಟಕ್ಕೆ ಕೇಳೋದು?

ಪ್ರಶ್ನೆ: 30×40 ಸೈಟಿನ ಹಳೇ ಮನೆ, 1.4 ಕೋಟಿ ಹೇಳುತ್ತಿದ್ದಾರೆ. ಬೆಂಗಳೂರಿನವರು ಇಬ್ಬರು ಕಾಯ್ತಿದ್ದಾರೆ, ಇವತ್ತೇ ಅಡ್ವಾನ್ಸ್ ಕೊಡಿ ಅಂತ ಬ್ರೋಕರ್ ದಿನಾ ಫೋನ್ ಮಾಡುತ್ತಾರೆ. ಚೌಕಾಸಿ ಮಾಡಿದರೆ ಕೈತಪ್ಪುತ್ತಾ?

ಉತ್ತರ 1: ಆ ಬೆಂಗಳೂರಿನವರು ನಾನು ಮನೆ ಹುಡುಕುವಾಗಲೂ ಕಾಯ್ತಾನೇ ಇದ್ದರು ಸಾರ್! ಸೈಟಿನ ಬೆಲೆ ಲೆಕ್ಕ ಹಾಕಿ, ಹಳೇ ಕಟ್ಟಡಕ್ಕೆ ಜಾಸ್ತಿ ಕೊಡಬೇಡಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಆಸ್ತಿ ಮೇಲೆ ಸಾಲ, ಋಣ ಇದೆಯಾ ಅಂತ ತೋರಿಸೋ ಪತ್ರ) ತೆಗೆದು, ಖಾತೆ, ಮೂಲಪತ್ರ ಎಲ್ಲಾ ವಕೀಲರಿಗೆ ತೋರಿಸುವ ತನಕ ಒಂದು ರೂಪಾಯಿನೂ ಕೊಡಬೇಡಿ.

ಉತ್ತರ 2: ಖರ್ಚು ಮರೀಬೇಡಿ. ಸ್ಟ್ಯಾಂಪ್ ಡ್ಯೂಟಿ 5%, ಮೇಲೆ ಸೆಸ್ಸು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 2% ಆಗಿದೆ, ಮೊದಲು 1% ಇತ್ತು.

ಉತ್ತರ 3: ಬ್ಯಾಂಕ್ ಸಾಲ ಮಂಜೂರಾಗಿದ್ದರೆ ಆ ಪತ್ರ ಹಿಡಿದು ಸೀದಾ ಓನರ್ ಹತ್ತಿರ ಕೂತು ಮಾತಾಡಿ. ದುಡ್ಡು ರೆಡಿ ಇದೆ ಅಂದರೆ ನಾಲ್ಕೈದು ಲಕ್ಷ ಇಳಿಸಿದರೂ ಇಳಿಸಬಹುದು, ನಮಗೆ ಹಾಗೇ ಆಯ್ತು.