ದುಡ್ಡು ಕಟ್ಟಿ ಕೇಳುವ ಹಾಡನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡರೆ ತಪ್ಪಾ?

ತೋಟದಮನೆ:
ನಮ್ಮದು ಸಾಗರ ಪೇಟೆಯಿಂದ ಒಳಗಿರುವ ಹಳ್ಳಿ. ಅಂಗಳದ ಒಂದು ಮೂಲೆಯಲ್ಲಿ ನಿಂತರೆ ಮಾತ್ರ ಮೊಬೈಲ್‌ಗೆ ಸಿಗ್ನಲ್ ಬರುತ್ತದೆ. ಅಡಿಕೆ ಕೊಯ್ಲು ಶುರುವಾದರೆ ರಾತ್ರಿ ಹನ್ನೊಂದರವರೆಗೂ ಸುಲಿತ ನಡೆಯುತ್ತದೆ. ಮೆಟ್ಟುಗತ್ತಿ ಮುಂದೆ ಕೂತರೆ ಅಪ್ಪನಿಗೆ ಹಾಡು ಬೇಕೇ ಬೇಕು. ಪೆನ್‌ಡ್ರೈವ್ ಹಾಕುವ ಒಂದು ಹಳೇ ಸ್ಪೀಕರ್ ಇದೆ, ಅದರಲ್ಲಿ ಅದೇ ಮೂವತ್ತು ಹಾಡು ಮೂರು ವರ್ಷದಿಂದ ತಿರುಗುತ್ತಿವೆ.

ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಒಂದು ಆ್ಯಪ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತೇನೆ. ಅದರೊಳಗೆ ಡೌನ್‌ಲೋಡ್ ಆಗುತ್ತದೆ, ಆದರೆ ಆ ಫೈಲು ಆ್ಯಪ್ ಬಿಟ್ಟು ಹೊರಗೆ ಬರುವುದಿಲ್ಲ. ಲಿಂಕ್ ಹಾಕಿದರೆ ಎಂಪಿ3 ಮಾಡಿಕೊಡುವ ಸೈಟುಗಳು ಬೇಕಾದಷ್ಟಿವೆ. ನಾನು ಮಾರುವುದಿಲ್ಲ, ಯಾರಿಗೂ ಹಂಚುವುದಿಲ್ಲ, ಅಪ್ಪ ಕೇಳುತ್ತಾರೆ ಅಷ್ಟೇ. ಇದು ಕಾನೂನು ಪ್ರಕಾರ ತಪ್ಪಾ? 'ಎಲ್ಲರೂ ಮಾಡ್ತಾರೆ ಬಿಡಿ' ಅನ್ನುವ ಉತ್ತರ ಬೇಡ, ನಿಜವಾಗಿಯೂ ತಿಳಿದುಕೊಳ್ಳಬೇಕು.

ಹಳೆರೇಡಿಯೊ:
ನಾವು ಕ್ಯಾಸೆಟ್ ಕಾಲದವರು. ಅಂಗಡಿಗೆ ಹಾಡಿನ ಪಟ್ಟಿ ಬರೆದುಕೊಟ್ಟರೆ 60 ನಿಮಿಷದ ಖಾಲಿ ಕ್ಯಾಸೆಟ್ ತುಂಬಿಸಿ ಕೊಡುತ್ತಿದ್ದರು, ಎರಡು ದಿನ ಬಿಟ್ಟು ಹೋಗಿ ತರುತ್ತಿದ್ದೆವು. ಯಾರೂ ಏನೂ ಕೇಳಲಿಲ್ಲ. ನೀವು ದುಡ್ಡು ಬೇರೆ ಕಟ್ಟುತ್ತಿದ್ದೀರಿ. ಅಂದಮೇಲೆ ಹಾಡು ನಿಮ್ಮದೇ ಅಲ್ವಾ? ಧೈರ್ಯವಾಗಿ ಇಳಿಸಿಕೊಳ್ಳಿ.

ಕರಿಕೋಟು:
ಹಳೆರೇಡಿಯೊ ಅವರೇ, ದುಡ್ಡು ಕಟ್ಟಿದರೆ ಹಾಡು ನಮ್ಮದಾಗುವುದಿಲ್ಲ. ತಿಂಗಳ ದುಡ್ಡು ಕೇಳುವುದಕ್ಕೆ ಕಟ್ಟುವ ಬಾಡಿಗೆ. ಕಟ್ಟುವುದು ನಿಲ್ಲಿಸಿದ ದಿನ ಇಳಿಸಿಟ್ಟಿದ್ದೂ ಹೋಗುತ್ತದೆ. ಆ ಅಂಗಡಿಯವರು ತುಂಬಿಸಿ ಕೊಡುತ್ತಿದ್ದದ್ದೂ ತಪ್ಪೇ. ಹಿಡಿಯಲಿಲ್ಲ ಅಂದ ಮಾತ್ರಕ್ಕೆ ಸರಿ ಆಗಲಿಲ್ಲ.

ತೋಟದಮನೆಯವರೇ, ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಸೇರಿಕೊಂಡಿವೆ. ಒಂದು ದೇಶದ ಕಾನೂನು, ಇನ್ನೊಂದು ಆ್ಯಪ್ ಜೊತೆ ನೀವು ಮಾಡಿಕೊಂಡ ಒಪ್ಪಂದ. ಮೊದಲು ಕಾನೂನು. ನಮ್ಮ 1957ರ ಕಾಪಿರೈಟ್ ಕಾಯಿದೆಯ 52ನೇ ಸೆಕ್ಷನ್‌ನಲ್ಲಿ ಸ್ವಂತ ಬಳಕೆಗೆ ನ್ಯಾಯವಾಗಿ ಉಪಯೋಗಿಸಿದರೆ ಉಲ್ಲಂಘನೆ ಅಲ್ಲ ಅಂತ ಇದೆ. ಮೊದಲು ಇದು ಸಾಹಿತ್ಯ, ನಾಟಕ, ಸಂಗೀತ ರಚನೆ, ಚಿತ್ರಕಲೆ ಇಂಥವಕ್ಕೆ ಮಾತ್ರ ಇತ್ತು. ರೆಕಾರ್ಡಿಂಗ್ ಅದರಲ್ಲಿ ಬರುತ್ತಿರಲಿಲ್ಲ. 2012ರ ತಿದ್ದುಪಡಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಒಂದನ್ನು ಬಿಟ್ಟು ಎಲ್ಲ ಕೃತಿಗಳಿಗೂ ಹಬ್ಬಿಸಿದರು, ಈ ಉದ್ದೇಶಕ್ಕೆ ಎಲೆಕ್ಟ್ರಾನಿಕ್ ರೂಪದಲ್ಲಿ ಶೇಖರಿಸುವುದೂ ತಪ್ಪಲ್ಲ ಅಂತ ವಿವರಣೆ ಸೇರಿಸಿದರು. ಹಾಗಾಗಿ ನಿಮ್ಮ ಪರ ವಾದ ಮಾಡಲು ಜಾಗ ಇದೆ. ಆದರೆ 'ನ್ಯಾಯವಾಗಿ' ಅನ್ನುವ ಪದ ಇದೆಯಲ್ಲ, ಅದನ್ನು ಕೋರ್ಟು ಪ್ರತಿ ಕೇಸಲ್ಲೂ ಬೇರೆಯಾಗಿ ತೂಗಿ ನೋಡುತ್ತದೆ. ದುಡ್ಡು ಕೊಟ್ಟು ತಂದ ಸಿಡಿಯಿಂದ ನಾಲ್ಕು ಹಾಡು ಪೆನ್‌ಡ್ರೈವ್‌ಗೆ ಹಾಕಿಕೊಳ್ಳುವುದು ಬೇರೆ, ಸಾವಿರ ಹಾಡು ಬಾಚಿಕೊಂಡು ಆಮೇಲೆ ಆ್ಯಪ್ ಬಿಟ್ಟುಬಿಡುವುದು ಬೇರೆ.

ಇನ್ನು ಆ ಸೈಟುಗಳು. ಅವುಗಳಿಗೆ ನಿಮ್ಮ ವಿನಾಯಿತಿ ಸಿಗುವುದಿಲ್ಲ. 2019ರಲ್ಲಿ ಟಿಪ್ಸ್ ಅನ್ನುವ ಹಾಡಿನ ಕಂಪನಿ ಮತ್ತು ವಿಂಕ್ ಅನ್ನುವ ಹಾಡಿನ ಆ್ಯಪ್ ನಡುವಿನ ಕೇಸಿನಲ್ಲಿ ಬಾಂಬೆ ಹೈಕೋರ್ಟ್ ಮುಂದೆ ಇದೇ ಮಾತು ಬಂತು. ನಮ್ಮ ಗ್ರಾಹಕರು ಸ್ವಂತಕ್ಕೆ ಇಳಿಸಿಕೊಳ್ಳುತ್ತಾರೆ, ಆದ್ದರಿಂದ ನಮಗೂ ಸ್ವಂತ ಬಳಕೆಯ ವಿನಾಯಿತಿ ಕೊಡಿ ಅಂತ ವಿಂಕ್ ಕಡೆಯವರು ವಾದಿಸಿದರು. ನೀವು ಮಾಡುತ್ತಿರುವುದು ವ್ಯಾಪಾರ ಅಂತ ಹೇಳಿ ಕೋರ್ಟು ಒಪ್ಪಲಿಲ್ಲ. 2022ರಲ್ಲಿ ವಿಭಾಗೀಯ ಪೀಠವೂ ತೀರ್ಪನ್ನು ಎತ್ತಿಹಿಡಿಯಿತು.

ಆ್ಯಪ್ ಫೈಲಿಗೆ ಬೀಗ ಹಾಕಿರುತ್ತದೆ. 65ಎ ಸೆಕ್ಷನ್ ಪ್ರಕಾರ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಆ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಉದ್ದೇಶ ಅನ್ನುವುದನ್ನು ನೋಡುತ್ತಾರೆ, ನಿಜ. ಆದರೂ ಈ ದಾರಿಗೆ ಹೋಗಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಕೊನೆಗೆ ಒಪ್ಪಂದ: ಡೌನ್‌ಲೋಡ್ ಬಟನ್ ಕೊಟ್ಟಲ್ಲಿ ಬಿಟ್ಟು ಬೇರೆ ರೀತಿಯಲ್ಲಿ ಇಳಿಸಬಾರದು ಅಂತ ಯೂಟ್ಯೂಬ್ ಷರತ್ತಿನಲ್ಲೇ ಇದೆ. ಷರತ್ತು ಮುರಿದರೆ ಪೊಲೀಸರು ಬರುವುದಿಲ್ಲ, ಖಾತೆ ಮುಚ್ಚಬಹುದು.

ತಂಬೂರಿ:
ನಾನು ಸುಗಮ ಸಂಗೀತ ಹಾಡುತ್ತೇನೆ, ಒಂದೆರಡು ಆಲ್ಬಮ್ ಮಾಡಿದ್ದೇನೆ. ನಮ್ಮ ಕಡೆಯಿಂದಲೂ ಒಂದು ಮಾತು. ಆ್ಯಪ್‌ನಲ್ಲಿ ಹಾಡು ಪ್ಲೇ ಆದಾಗ ಎಣಿಕೆಗೆ ಸಿಗುತ್ತದೆ. ಆಫ್‌ಲೈನ್ ಕೇಳಿದರೂ ಮತ್ತೆ ನೆಟ್ ಸಿಕ್ಕಾಗ ಲೆಕ್ಕಕ್ಕೆ ಸೇರುತ್ತದೆ. ಪೆನ್‌ಡ್ರೈವ್‌ನಲ್ಲಿ ನಿಮ್ಮ ತಂದೆ ಸಾವಿರ ಸಲ ಕೇಳಿದರೂ ಹಾಡಿದವರಿಗೆ, ಬರೆದವರಿಗೆ ಅದು ಗೊತ್ತೇ ಆಗುವುದಿಲ್ಲ. ಬರುವುದು ಚಿಲ್ಲರೆ ಕಾಸೇ ಇರಬಹುದು, ಆದರೆ ಸಾಹಿತ್ಯ ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿಯಲ್ಲಿ ಪಾಲು ಕೊಡಲೇಬೇಕು ಅಂತ ಕಾನೂನಿನಲ್ಲಿ ಬಂದದ್ದೇ ಆ 2012ರ ತಿದ್ದುಪಡಿಯಲ್ಲಿ. ಹಿಂದಿ ಚಿತ್ರಗೀತೆ ಬರೆಯುವ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಅದಕ್ಕಾಗಿ ಬಹಳ ಮಾತಾಡಿದ್ದರು. ಅಷ್ಟು ಕಷ್ಟಪಟ್ಟು ಬಂದ ಹಕ್ಕು ಅದು.

ದಾಸರ ಪದಕ್ಕೆಲ್ಲ ಕಾಪಿರೈಟ್ ಎಲ್ಲಿಂದ ಅಂತ ತುಂಬಾ ಜನ ಕೇಳುತ್ತಾರೆ. ಪುರಂದರದಾಸರ ಪದಕ್ಕೆ ಇಲ್ಲ, ಯಾರು ಬೇಕಾದರೂ ಹಾಡಬಹುದು. ಆದರೆ ಅದನ್ನು ಒಬ್ಬರು ಹಾಡಿ ಮಾಡಿದ ರೆಕಾರ್ಡಿಂಗ್‌ಗೆ ಇದೆ. ಬಿಡುಗಡೆಯಾದ ಮುಂದಿನ ವರ್ಷದಿಂದ ಎಣಿಸಿ 60 ವರ್ಷ. 1960ರ ರೆಕಾರ್ಡ್ ಆದರೆ 2020 ಮುಗಿದಾಗ ಅವಧಿ ಮುಗಿಯಿತು. ಭಾವಗೀತೆ ಆದರೆ ಕವಿಯ ಹಕ್ಕು ಬೇರೆಯೇ ಇರುತ್ತದೆ, ಅದು ಅವರು ತೀರಿಕೊಂಡ ಮೇಲೂ 60 ವರ್ಷ.

ಫೈಲೇ ಬೇಕು ಅಂದರೆ ಕೊಂಡುಕೊಳ್ಳಿ. ಬ್ಯಾಂಡ್‌ಕ್ಯಾಂಪ್‌ನಂಥ ಕಡೆ ದುಡ್ಡು ಕೊಟ್ಟರೆ ಬೀಗ ಇಲ್ಲದ ಎಂಪಿ3 ಕೊಡುತ್ತಾರೆ. ಕನ್ನಡದ್ದು ಅಲ್ಲಿ ಕಡಿಮೆ, ಒಪ್ಪುತ್ತೇನೆ. ನಿಮಗೆ ಇಷ್ಟವಾದ ಗಾಯಕರಿಗೆ ನೇರವಾಗಿ ಬರೆದು ಕೇಳಿ ನೋಡಿ. ನನಗೆ ಹಾಗೆ ಯಾರಾದರೂ ಬರೆದರೆ ಅವತ್ತೇ ಕಳಿಸುತ್ತೇನೆ.

ವೈರುಮನುಷ್ಯ:
ಕಾನೂನು ಆಯಿತು, ನಾನು ಆ ಸೈಟುಗಳ ಬಗ್ಗೆ ಹೇಳುತ್ತೇನೆ. ನನ್ನ ತಂಗಿ ಒಂದರಲ್ಲಿ ಲಿಂಕ್ ಹಾಕಿದಳು. ನೋಟಿಫಿಕೇಶನ್‌ಗೆ ಒಪ್ಪಿಗೆ ಕೇಳಿತು, ಒತ್ತಿದಳು. ಮಾರನೇ ದಿನದಿಂದ ಹತ್ತು ನಿಮಿಷಕ್ಕೊಂದು ಸಲ 'ನಿಮ್ಮ ಫೋನಿಗೆ ವೈರಸ್ ಬಂದಿದೆ' ಅಂತ ಕೆಂಪು ಡಬ್ಬಿ. ಬ್ರೌಸರ್ ಸೆಟ್ಟಿಂಗ್‌ಗೆ ಹೋಗಿ ಆ ಒಪ್ಪಿಗೆ ತೆಗೆದ ಮೇಲೆ ನಿಂತಿತು. ದನಿಯ ಗುಣಮಟ್ಟ 320 ಕೆಬಿಪಿಎಸ್ ಅಂತ ಬರೆದಿರುವುದೂ ಸುಳ್ಳೇ. ಮೂಲದಲ್ಲೇ ಅಷ್ಟಿಲ್ಲ, ಫೈಲು ದಪ್ಪ ಆಗುತ್ತದೆ, ದನಿ ಅಷ್ಟೇ ಇರುತ್ತದೆ.

ನಿಮ್ಮ ಸ್ಪೀಕರ್ ಹಿಂದೆ ಫೋನಿನಿಂದ ವೈರು ಹಾಕಲು ಆಕ್ಸ್ ಅಂತ ಒಂದು ತೂತು ಇದೆಯಾ ನೋಡಿ. ಇದ್ದರೆ ಕೆಲಸ ಸುಲಭ. ಮನೆಯಲ್ಲಿ ಬಿದ್ದಿರುವ ಹಳೇ ಫೋನಿಗೆ ಅದೇ ಆ್ಯಪ್ ಹಾಕಿ, ಬೆಂಗಳೂರಿನಲ್ಲೇ ಹಾಡು ತುಂಬಿಸಿ, ವೈರು ಸಮೇತ ಊರಿಗೆ ಒಯ್ಯಿರಿ. ಸ್ಪಾಟಿಫೈ ಆದರೆ 30 ದಿನಕ್ಕೊಮ್ಮೆ ನೆಟ್ ತೋರಿಸಬೇಕು, ಇಲ್ಲದಿದ್ದರೆ ಇಳಿಸಿದ ಹಾಡು ಹೋಗುತ್ತದೆ. ನಿಮ್ಮ ಅಂಗಳದ ಮೂಲೆ ಅಷ್ಟಕ್ಕೆ ಸಾಕು.

ತೋಟದಮನೆ:
ಎಲ್ಲರಿಗೂ ಧನ್ಯವಾದ. ತಂಬೂರಿಯವರ ಮಾತು ಮನಸ್ಸಿಗೆ ತಾಗಿತು, ಅದನ್ನು ನಾನು ಯೋಚಿಸಿರಲಿಲ್ಲ. ಅಪ್ಪನಿಗೆ ಫೋನ್ ಮಾಡಿ ಸ್ಪೀಕರ್ ತಿರುಗಿಸಿ ನೋಡಿಸಿದೆ, ಆಕ್ಸ್ ಇದೆಯಂತೆ. ಪರದೆ ಒಡೆದ ಫೋನೊಂದಿದೆ, ಈ ಶನಿವಾರ ತುಂಬಿಸಿಕೊಂಡು ಹೋಗುತ್ತೇನೆ.

ಮಾತಿನ ಮಧ್ಯೆ ಅಪ್ಪ ಇನ್ನೊಂದು ಹೇಳಿದರು. ಅಟ್ಟದ ಟ್ರಂಕಿನಲ್ಲಿ ಅವರೇ ಕೊಂಡ ಕ್ಯಾಸೆಟ್ಟುಗಳಿವೆಯಂತೆ, ಅಮ್ಮ ಸೀರೆ ತುಂಡು ಸುತ್ತಿ ಇಟ್ಟಿದ್ದಾರೆ. ಟೇಪ್ ರೆಕಾರ್ಡರ್ ಇನ್ನೂ ತಿರುಗುತ್ತದೆ. ಅವನ್ನು ಕಂಪ್ಯೂಟರ್‌ಗೆ ಹಾಕಿಕೊಳ್ಳಬಹುದಾ?

ಕರಿಕೋಟು:
ಕೊಂಡ ಕ್ಯಾಸೆಟ್ಟು, ಒಡೆಯಲು ಬೀಗ ಇಲ್ಲ, ಯಾವ ಷರತ್ತಿಗೂ ಸಹಿ ಹಾಕಿಲ್ಲ, ಕೇಳುವವರು ಮನೆಯವರು. ಸ್ವಂತ ಬಳಕೆ ಅಂದರೆ ಇದೇ. ಹಾಕಿಕೊಳ್ಳಿ. ಊರವರಿಗೆಲ್ಲ ಕಾಪಿ ಮಾಡಿ ಕೊಡಬೇಡಿ, ಅಷ್ಟೇ.

ವೈರುಮನುಷ್ಯ:
ಟೇಪಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ನೀಲಿ ತೂತಿಗೆ ವೈರು ಹಾಕಿ. ಗುಲಾಬಿ ಬಣ್ಣದ್ದು ಮೈಕಿನದು, ಅದಕ್ಕೆ ಹಾಕಿದರೆ ದನಿ ಒಡೆಯುತ್ತದೆ. ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು. ಶುರು ಮಾಡುವ ಮೊದಲು ಟೇಪಿನ ಹೆಡ್ ಒರೆಸಿ, ಪ್ರತಿ ಕ್ಯಾಸೆಟ್ಟನ್ನೂ ಒಂದು ಸಲ ಪೂರ್ತಿ ಮುಂದೆ ಓಡಿಸಿ ಹಿಂದೆ ಸುತ್ತಿ. ವರ್ಷಗಟ್ಟಲೆ ಇಟ್ಟ ಟೇಪು ಅಂಟಿಕೊಂಡಿರುತ್ತದೆ.