ನಾಲ್ಕು ತಿಂಗಳು ತುಂಬಿದ ಕುರಿ ಕಂದು ಹಾಕಾಕತ್ತಾವ, ಏನ್ ಮಾಡೋದು?

ಪ್ರಶ್ನೆ (ಹುನಗುಂದ): ನಮಸ್ಕಾರ್ರಿ ಡಾಕ್ಟರ್ ಸಾಹೇಬ್ರ. 60 ಡೆಕ್ಕನಿ ಕುರಿ ಅದಾವ. ಹದಿನೈದು ದಿನದಾಗ 7 ಕುರಿ ಕಂದು ಹಾಕ್ಯಾವ, ಎಲ್ಲಾ ನಾಲ್ಕು ತಿಂಗಳು ತುಂಬಿದ್ದವು. ಮೇವು ಚಲೋ ಐತಿ, ಪಿಪಿಆರ್ (ಕುರಿ-ಆಡಿನ ಪ್ಲೇಗ್) ಲಸಿಕೆ ಆಗೈತಿ. ಹೊಸಾ ಟಗರಿಂದು ಒಂದು ಬೀಜ ಬಾತೈತಿ. ಇಂಜೆಕ್ಷನ್ ಮಾಡಿಸ್ಲ್ಯೋ, ಮಾರಿಬಿಡ್ಲ್ಯೋ?

ಪಶುವೈದ್ಯರು: ಸದ್ಯಕ್ಕ ಎರಡೂ ಬ್ಯಾಡ್ರಿ. ಒಂದು ಕುರಿ ಕಂದು ಹಾಕಿದ್ರ ಪೆಟ್ಟು ಬಿದ್ದಿರಬೇಕು ಅನ್ನಬಹುದು. ಏಳು, ಅದೂ ಕಡೀ ತಿಂಗಳದಾಗ ಅಂದ್ರ ಸೋಂಕು ಅಂತನ ಹಿಡದು ನಡೀಬೇಕು. ಟಗರಿನ ಬೀಜ ಬಾತಿರೋದ್ರಿಂದ ಬ್ರುಸೆಲ್ಲಾ ಅನ್ನೋ ರೋಗಾಣು ಮ್ಯಾಲ ಮೊದಲ ಅನುಮಾನ. ಆದ್ರ ಕ್ಲಮೈಡಿಯಾ ಅನ್ನೋ ಇನ್ನೊಂದು ರೋಗಾಣು, ಬೆಕ್ಕಿನ ಹೇಲಿನಿಂದ ಬರೋ ಟಾಕ್ಸೊಪ್ಲಾಸ್ಮಾನೂ ಕಂದು ಹಾಕಸ್ತಾವ. ಕ್ಲಮೈಡಿಯಾ ಇದ್ರ ಆಕ್ಸಿಟೆಟ್ರಾಸೈಕ್ಲಿನ್ ಅನ್ನೋ ಔಷಧದಿಂದ ಇನ್ನೂ ಈಯದ ಕುರಿಗಳ ಗಬ್ಬ ಒಂದಿಷ್ಟು ಉಳೀಬಹುದು. ಬ್ರುಸೆಲ್ಲಾ ಇದ್ರ ಕುರಿಗೆ ಔಷಧ ಮಾಡೋದು ರೊಕ್ಕ ಹಾಳು, ಸೋಂಕು ಒಳಗ ಉಳೀತೈತಿ. ಅದಕ್ಕ ಮೊದಲ ರೋಗ ಯಾವುದಂತ ಗೊತ್ತಾಗಬೇಕು.

ಮುಂದ ಕಂದು ಬಿದ್ದ ಕೂಡಲೇ ಕೈಗವಸು ಹಾಕ್ಕೊಂಡು ಸತ್ತ ಮರಿ, ಕಸ (ಮಾಸು) ಎರಡನ್ನೂ ಎರಡು ಪದರ ಪ್ಲಾಸ್ಟಿಕ್ ಚೀಲದಾಗ ಕಟ್ಟಿ, ಐಸ್ ಡಬ್ಬಿಯಾಗಿಟ್ಟು ಅವತ್ತ ತಾಲೂಕು ಪಶು ಆಸ್ಪತ್ರೆಗೆ ಮುಟ್ಟಿಸ್ರಿ. ಭಾಳ ಮಂದಿ ಕಸ ಬಿಟ್ಟು ಬರೀ ಮರಿ ತರ್ತಾರ. ಕಸದ ಮ್ಯಾಲಿನ ಅಂಗಿ ಗುಂಡಿಯಂಥ ಭಾಗದಾಗ ರೋಗಾಣು ಭಾಳ ಸಿಗ್ತಾವ, ಅದನ್ನ ಮರೀಬ್ಯಾಡ್ರಿ. ಕಂದು ಹಾಕಿದ ಏಳೂ ಕುರಿದು, ಟಗರಿಂದು 5 ಮಿಲಿ ರಕ್ತ ತಗಸ್ರಿ. ಪರೀಕ್ಷೆದಾಗ ಏನೂ ಬರದಿದ್ರ ಮೂರು ವಾರ ಬಿಟ್ಟು ಮತ್ತ ಮಾಡಸ್ರಿ, ಕಂದು ಹಾಕಿದ ಹೊಸದಾಗ ಒಮ್ಮೊಮ್ಮೆ ಕಾಣೂದಿಲ್ಲ.

ಆ ಕುರಿಗಳನ್ನ ಬ್ಯಾರೆ ದಡ್ಡಿಯಾಗ ಇಡ್ರಿ. ಉಳಿದ ಕಸ ಆಳವಾಗಿ ಹೂಳಿ ಸುಣ್ಣ ಹಾಕ್ರಿ, ನಾಯಿ ಎಳೀಬಾರದು. ಫಲಿತಾಂಶ ಬರೋತನಕ ಅಮೀನಗಡ ಸಂತಿಗೆ ಒಂದೂ ಕುರಿ ಒಯ್ಯಬ್ಯಾಡ್ರಿ. ಇನ್ನೊಬ್ಬರ ಹಿಂಡು ಕೆಡ್ತೈತಿ.

ಪ್ರಶ್ನೆ (ಇಂಡಿ): ಬಿದ್ದ ಕಂದು, ಕಸ ಬರಿಗೈಲೆ ಎತ್ತಿದವರಿಗೆ ಏನರ ಆಕ್ಕೈತೇನ್ರಿ?

ಪಶುವೈದ್ಯರು: ಆಕ್ಕೈತ್ರಿ. ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಕೀಲುನೋವು ಬಂದ್ರ ಡಾಕ್ಟರ್ ಮುಂದ ‘ಕುರಿ ಕಂದು ಹಾಕಿದ್ದವು’ ಅಂತ ಹೇಳಲೇಬೇಕು. ಹೇಳದಿದ್ರ ಬರೀ ಟೈಫಾಯ್ಡ್ ಅಂತ ಔಷಧ ನಡೀತೈತಿ. ಬಸರಿ ಹೆಣ್ಮಕ್ಕಳು ಆ ದಡ್ಡಿ ಕಡೆ ಹೋಗಲೇಬಾರದು. ಹಾಲು ಕುದಿಸಿನ ಕುಡೀರಿ.

ಪ್ರಶ್ನೆ (ಹುನಗುಂದ): ಟಗರು ಬದಲಿ ಮಾಡಬೇಕಂದ್ರ ಏನ್ ನೋಡಿ ತರ್ಲ್ರಿ?

ಪಶುವೈದ್ಯರು: ಎರಡೂ ಬೀಜ ಕೈಲೆ ಹಿಡದು ನೋಡ್ರಿ: ಒಂದ ಅಳತಿ, ಗಟ್ಟಿ, ಹಿಚುಕಿದ್ರ ನೋವಾಗಬಾರದು. ಕೆಳಗಿನ ತುದಿ ಬಾತು ಗಟ್ಟಿ ಗಂಟಾಗಿದ್ರ ಆ ಟಗರನ್ನ ಬಿಟ್ಟುಬಿಡ್ರಿ. ತಂದ ಮ್ಯಾಲ 30 ದಿನ ಬ್ಯಾರೆ ಕಟ್ಟಿ, ರಕ್ತ ಪರೀಕ್ಷೆ ಆದ ಮ್ಯಾಲನ ಹಿಂಡಿಗೆ ಬಿಡ್ರಿ. 25-30 ಕುರಿಗೆ ಒಂದು ಟಗರು ಲೆಕ್ಕ, ನಿಮಗ ಎರಡು ಬೇಕು. ನಿಮ್ಮ ಹಿಂಡಿನ್ಯಾಗ ಹುಟ್ಟಿದ ಟಗರನ್ನ ಅದ ಹಿಂಡಿಗೆ ಬಿಡಬ್ಯಾಡ್ರಿ.